ಗಿರಿಜಾ ಆಂಟಿಯ ಶಾಂಘೈ ಬಳಗ

ಗಿರಿಜಾ ಆಂಟಿಯ ಮನೆಯಲ್ಲಿ ಚೀನಾದವರಿಗೆಲ್ಲ ಧಾರವಾಡದ ಹೆಸರುಗಳಿದ್ದವು. ಸ್ವಂತ ಕಂಪನಿಯ, ಆರಡಿ ಎತ್ತರದ ಚೆಲುವ ವಸಂತ. ಅವನ ಎದುರಿನ ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದು ಹೂವಿನ ಅಂಗಡಿ ನಡೆಸುವ ಹುಡುಗಿ ಕುಸುಮಾ. ಮುತ್ತಿನ ಸರ ಹಾಕಿಕೊಂಡು ಕುಸುಮಾಳನ್ನು ಕೆಕ್ಕರಿಸಿ ನೋಡುವ ವಸಂತನ ತಾಯಿ ಇಂದಿರಾಬಾಯಿ. ಇವರೆಲ್ಲ ಶಾಂಘೈಯ ಒಂದು ಪ್ರೇಮದ ಸೀರಿಯಲ್ಲಿನ ಪಾತ್ರಗಳು ಎಂಬುದು ಮೊದಲ ದಿನ ನನಗೆ ತಿಳಿಯಲೇ ಇಲ್ಲ. "ವಸಂತ ನಿನ್ನೆ ಮಳ್ಯಾಗ ನಿಂತು ಜ್ವರಾ ಬರಿಸಿಕೊಂಡಾನ" ಎಂದು ಆಂಟಿ ಹೇಳಿದಾಗ, ಪಾಪ, ಅಕ್ಕನ ಮಗನಿರಬೇಕು ಅಂದುಕೊಂಡು "ಡಾಕ್ಟರ್‌ಗೆ ತೋರಿಸಿದ್ರಾ?" ಎಂದು ಕೇಳಿದ್ದೆ.

"ಕುಸುಮಾ ಗಂಜಿ ಮಾಡಿ ಕೊಟ್ಟಾಳ. ಅಷ್ಟ ಸಾಕವಗ" ಎಂದರು ಆಂಟಿ.

ನಾನು ಮೈಸೂರಿನವಳು, ಡಾಲಸ್ ಪಕ್ಕದ ಲೂಯಿಸ್‌ವಿಲ್‌ನಲ್ಲಿ ಒಬ್ಬಳೇ ಇದ್ದು ಸಾಫ್ಟ್‌ವೇರ್ ಕೆಲಸ ಮಾಡುತ್ತೇನೆ. ಆಂಟಿಯ ಮನೆ ಅಲ್ಲೇ ಹತ್ತಿರ, ಕಾಪೆಲ್‌ನಲ್ಲಿ. ಹೈವೇಯಲ್ಲಿ ಕಾರು ಓಡಿಸುವುದೆಂದರೆ ಅವರಿಗೆ ಹೆದರಿಕೆ. ಹಾಗಾಗಿ ಭಾನುವಾರ ನಾನು ಅವರನ್ನು ಇಂಡಿಯನ್ ಅಂಗಡಿಗೆ ಕರೆದುಕೊಂಡು ಹೋಗುವುದು, ಅವರು ನನಗೆ ಊಟಕ್ಕೆ ಹಾಕುವುದು ಎಂದು ರೂಢಿಯಾಗಿತ್ತು. ಜೋಳದ ರೊಟ್ಟಿ, ಬದನೆಕಾಯಿ ಎಣ್ಣೆಗಾಯಿ ತಿಂದು ಸೋಫಾಕ್ಕೆ ಒರಗಿದರೆ ಎದುರಿಗೆ ಶಾಂಘೈ. ಮೊದಮೊದಲು ನನಗೆ ಮಹಾ ಬೇಸರ. ಇಷ್ಟು ಓದಿಕೊಂಡ ಹೆಂಗಸು, ಇದೇನು ಹುಚ್ಚು ಎಂದು ಮನಸ್ಸಿನಲ್ಲೇ ಬೈದುಕೊಳ್ಳುತ್ತಿದ್ದೆ. ಆದರೆ ಹುಚ್ಚು ಆಂಟಿಗಿರಲಿಲ್ಲ. ಅವರ ಲಕ್ಷ್ಯವೆಲ್ಲ ಪಕ್ಕದ ಕುರ್ಚಿಯಲ್ಲಿ ಕೂತ ಗಂಡನ ಮೇಲಿತ್ತು.

ಕುಲಕರ್ಣಿ ಅಂಕಲ್ ನಿವೃತ್ತ ಇಂಜಿನಿಯರ್. ಒಂದು ಕಾಲದಲ್ಲಿ ಕನ್ನಡದವರ ಸಭೆಗಳಲ್ಲಿ ಅವರ ಕೈಯಿಂದ ಮೈಕ್ ಬಿಡಿಸುವುದೇ ದೊಡ್ಡ ಕೆಲಸವಾಗಿತ್ತಂತೆ. ನಾನು ನೋಡುವ ಹೊತ್ತಿಗೆ ಸ್ಟ್ರೋಕ್ ಆಗಿ ಮಾತು ನಿಂತುಹೋಗಿತ್ತು. ಕೇಳಿದ್ದು ಅರ್ಥವಾಗುತ್ತಿತ್ತು, ಬಾಯಿಗೆ ಮಾತ್ರ ಏನೂ ಬರುತ್ತಿರಲಿಲ್ಲ. ಅಕ್ಷರ ಓದಲೂ ಆಗುತ್ತಿರಲಿಲ್ಲ. ನೋಡಲು ಬಂದವರೆಲ್ಲ "ಹೇಗಿದ್ದೀರಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಆಂಟಿಯ ಕಡೆ ತಿರುಗುತ್ತಿದ್ದರು. ಅಂಕಲ್ ಬರಬರುತ್ತಾ ಜನ ಬಂದರೆ ಕಣ್ಣು ಮುಚ್ಚಿಕೊಂಡು ಕೂರತೊಡಗಿದರು. ಅವರು ಹೀಗೇ ಒಳಗೊಳಗೇ ಮುದುಡಿಹೋಗುತ್ತಾರೆ ಎಂಬ ಹೆದರಿಕೆ ಆಂಟಿಯನ್ನು ಹಿಡಿದುಬಿಟ್ಟಿತ್ತು.

ಮಾತು ಕಲಿಸಲು ಬರುತ್ತಿದ್ದ ಥೆರಪಿಸ್ಟ್ ಹೇಳಿದ್ದು ಒಂದೇ ಮಾತು: ಅವರಿಗೆ ಬೇಕಾದದ್ದನ್ನು ನೀವಾಗಿಯೇ ಕೊಡಬೇಡಿ, ಕೇಳುವ ತನಕ ಕಾಯಿರಿ. ಆಂಟಿ ಅದನ್ನು ನನಗೆ ಹೇಳಿ ಮೂಗು ಮುರಿದರು. "ಚಹಾ ಕೇಳ್ಲಿ ಅಂತ ಗಂಡನ್ನ ಒಣಗಸ್ಲಿಕ್ಕೆ ನನ್ನ ಕೈಲೆ ಆಗೂದಿಲ್ಲವಾ. ಸೀರಿಯಲ್ ಆದ್ರ ನಿಲ್ಲಸ್ತೀನಿ."

"ಅದಕ್ಕೆ ಚೀನಾದ್ದೇ ಯಾಕೆ ಆಂಟಿ? ಕನ್ನಡದ್ದು ಎಷ್ಟಿಲ್ಲ?"

"ಕನ್ನಡದ್ದು ಹಚ್ಚಿದ್ರ ಅವರಿಗೆ ತಾನ ತಿಳೀತದ. ನನ್ನ ಗರಜು ಬೀಳೂದಿಲ್ಲ. ಇದಾದ್ರ ನಾ ಓದಿ ಹೇಳಬೇಕು, ಅವರು ಕೇಳಬೇಕು. ಅಲ್ಲದ ಇದರಾಗ ಹೊಡೆದಾಟ ಇಲ್ಲ, ಅಳೂದು ಕಡಿಮಿ. ಕುಸುಮಾ ಎಡವಿ ಬೀಳ್ತಾಳ, ವಸಂತ ಹಿಡೀತಾನ. ಜೀವಕ್ಕ ಸಮಾಧಾನ."

ಅವರು ಕಥೆ ಹೇಳುವುದನ್ನು ಕೇಳಬೇಕಿತ್ತು. ಪರದೆಯ ಕೆಳಗೆ ಓಡುವ ಇಂಗ್ಲಿಷ್ ಸಾಲುಗಳನ್ನು ಕಣ್ಣಲ್ಲೇ ಹಿಡಿದು, ಅದೇ ಉಸಿರಿಗೆ ಧಾರವಾಡದ ಮಾತಾಗಿಸುತ್ತಿದ್ದರು. ನಡುವೆ ತಮ್ಮದೂ ಸೇರಿಸುತ್ತಿದ್ದರು. ಇಂದಿರಾಬಾಯಿ ಕಾಫಿ ಕಪ್ಪು ಕುಕ್ಕಿದರೆ "ನೋಡ್ರಿ, ನಿಮ್ಮ ಅವ್ವ ಥೇಟ ಹಿಂಗ" ಎಂದು ಗಂಡನಿಗೆ ಚುಚ್ಚುತ್ತಿದ್ದರು. ವಸಂತ ಬಾಯಿಬಿಟ್ಟು ಏನೋ ಹೇಳಬೇಕು, ಅಷ್ಟರಲ್ಲಿ ಟಿವಿ ನಿಲ್ಲಿಸಿ ಚವಳಿಕಾಯಿ, ಅಂದರೆ ನಮ್ಮ ಗೋರಿಕಾಯಿ, ಬಿಡಿಸುತ್ತಾ ಕೂರುತ್ತಿದ್ದರು. ನನಗೆ ತಡೆಯಲಾಗದೆ "ಹಾಕಿ ಆಂಟಿ, ಪ್ಲೀಸ್" ಎಂದರೆ "ನೀ ಸುಮ್ಮ ಕೂಡು, ನಿನಗ ಬಾಯಿ ಅದ" ಎಂದು ಗದರುತ್ತಿದ್ದರು. ಅಂಕಲ್ ಗೋಡೆ ನೋಡುತ್ತಿದ್ದರು. ಕೊನೆಗೆ ಸೋತು ಆಂಟಿಯೇ ಮತ್ತೆ ಹಾಕುತ್ತಿದ್ದರು. ಚಳಿಗಾಲ ಪೂರ್ತಿ ಹೀಗೇ ಕಳೆಯಿತು.

ಯುಗಾದಿಗೆ ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್‌ನಲ್ಲಿ ಆದ ಫಜೀತಿಯನ್ನು ಇಲ್ಲಿ ಹೇಳಲೇಬೇಕು. ಪುಳಿಯೋಗರೆ ತಟ್ಟೆ ಹಿಡಿದುಕೊಂಡು ಆಂಟಿ ಯಾರಿಗೋ ವಸಂತನ ವರ್ಣನೆ ಮಾಡುತ್ತಿದ್ದರು. "ಎತ್ತರದ ಹುಡುಗ, ಸ್ವಂತ ಕಂಪನಿ, ಅಡಿಗಿ ತಾನ ಮಾಡಿಕೋತಾನ. ತಾಯಿ ಒಂದಿಷ್ಟು ಜೋರಿದ್ದಾಳ, ಅಷ್ಟ." ಆಸ್ಟಿನ್ ಕಡೆಯ ರೌಂಡ್ ರಾಕ್‌ನಿಂದ ಬಂದಿದ್ದ ಸವಿತಾ ಎಂಬವರು ಪಕ್ಕದಲ್ಲೇ ನಿಂತು ಕೇಳಿಸಿಕೊಂಡಿದ್ದರು. ಅವರಿಗೆ ಮದುವೆಗೆ ಬಂದ ಮಗಳು. ಮುಂದಿನ ಭಾನುವಾರ ನಾವು ಊಟ ಮಾಡುತ್ತಿದ್ದಾಗ ಅವರ ಫೋನ್ ಬಂತು. ರೊಟ್ಟಿ ಬಡಿಯುತ್ತಿದ್ದ ಆಂಟಿಯ ಕೈಯೆಲ್ಲ ಹಿಟ್ಟು, ಹಾಗಾಗಿ ಸ್ಪೀಕರ್ ಹಾಕಿದೆ.

"ತಪ್ಪು ತಿಳ್ಕೋಬೇಡಿ ಆಂಟಿ, ವಸಂತ್ ಅಂತ ಹೇಳ್ತಿದ್ರಲ್ಲ, ಅವರ ಗೋತ್ರ ಯಾವುದು?"

ಆಂಟಿ ಒಂದು ಗಳಿಗೆ ಯೋಚಿಸಿದರು. "ಗೋತ್ರ ಗೊತ್ತಿಲ್ಲವಾ. ಮನಿ ಶಾಂಘೈದಾಗ ಅದ."

"ಓ, ಶಾಂಘೈನಲ್ಲಿ ಕೆಲಸಾನಾ? ಪರವಾಗಿಲ್ಲ. ಮದುವೆ ಆದ್ಮೇಲೆ ಇಲ್ಲಿಗೆ ಶಿಫ್ಟ್ ಆಗ್ತಾರಾ?"

ನಾನು ಉಕ್ಕಿಬಂದ ನಗುವನ್ನು ತಡೆದುಕೊಳ್ಳುತ್ತಿದ್ದೆ. ಅಷ್ಟರಲ್ಲಿ ಊಟದ ಮೇಜಿನ ಆ ತುದಿಯಿಂದ ಗೊರಗೊರ ಸದ್ದು ಕೇಳಿತು. ಅಂಕಲ್ ನಗುತ್ತಿದ್ದರು. ಭುಜ ಕುಣಿಯುತ್ತಿತ್ತು, ಕಣ್ಣಲ್ಲಿ ನೀರು. ಆಂಟಿ ಫೋನನ್ನು ಮರೆತು ಅವರನ್ನೇ ನೋಡುತ್ತಾ ನಿಂತರು. ಸವಿತಾ ಮಾತ್ರ "ಹಲೋ, ಹಲೋ" ಎನ್ನುತ್ತಲೇ ಇದ್ದರು. ಕೊನೆಗೆ ನಿಜ ಸಂಗತಿ ಹೇಳಿ ಕ್ಷಮೆ ಕೇಳುವ ಕೆಲಸ ನನ್ನ ಪಾಲಿಗೆ ಬಂತು.

ಅದಾಗಿ ಕೆಲವು ವಾರಗಳ ಮೇಲೆ ಒಂದು ಮಧ್ಯಾಹ್ನ. ಕುಸುಮಾ ಊರು ಬಿಟ್ಟು ಹೊರಟು ರೈಲು ನಿಲ್ದಾಣದಲ್ಲಿದ್ದಳು, ವಸಂತ ಓಡಿ ಬರುತ್ತಿದ್ದ. ಆಂಟಿ ಟಿವಿ ನಿಲ್ಲಿಸಿದರು. ಅಂಕಲ್‌ರ ತುಟಿ ಅಲುಗಿತು. ಮುಖ ಕೆಂಪಾಯಿತು. ಆಂಟಿ ತಲೆ ಎತ್ತಲಿಲ್ಲ, ಆದರೆ ಅವರ ಕೈಯಲ್ಲಿದ್ದ ಚವಳಿಕಾಯಿ ಹಾಗೇ ನಿಂತಿತ್ತು.

"ಹ... ಹಚ್ಚು."

"ಏನ್ ಹಚ್ಚಲಿ? ಫ್ಯಾನೋ, ಟಿವಿಯೋ?" ಎಂದು ಆಂಟಿ ಕೇಳಿದರು. ಎಂಥ ಕಲ್ಲುಮನಸ್ಸು ಅನ್ನಿಸಿತು ನನಗೆ.

"ಟಿವಿ" ಎಂದು ಅಂಕಲ್ ಸಿಟ್ಟಿನಿಂದ ಕೈ ಬಡಿದರು.

ಆಂಟಿ ಹಾಕಿಕೊಟ್ಟು ಅಡುಗೆಮನೆಗೆ ಹೋದರು. ನಲ್ಲಿ ಸುಮ್ಮನೆ ಸುರಿಯುತ್ತಿತ್ತು. ಹೋಗಿ ನೋಡಿದರೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಾರೆ. "ಸಿಟ್ಟು ಮಾಡಿದ್ರು, ನೋಡಿದಿ? ಮೊದಲಿನ ಹಂಗ ಸಿಟ್ಟು ಮಾಡಿದ್ರು" ಎಂದು ನನ್ನ ಕೈ ಹಿಡಿದುಕೊಂಡರು. ನನಗೂ ಅಳು ಬಂತು.

ಆಮೇಲೆ ಅಂಕಲ್ ಒಂದೊಂದೇ ಪದ ಹುಡುಕಿ ಆಡತೊಡಗಿದರು. ವರ್ಷ ಕಳೆಯುವಷ್ಟರಲ್ಲಿ ಸಣ್ಣ ಸಣ್ಣ ವಾಕ್ಯಗಳಿಗೆ ಬಂದರು. "ಆ ಹುಡುಗಗ ಬುದ್ಧಿ ಇಲ್ಲ" ಎಂದು ಅವರು, "ಪ್ರೀತಿ ಮಾಡಲಿಕ್ಕೆ ಬುದ್ಧಿ ಯಾಕ ಬೇಕು" ಎಂದು ಇವರು. ಒಂದು ಸೀರಿಯಲ್ ಮುಗಿದರೆ ಇನ್ನೊಂದು. ಅಲ್ಲಿಯೂ ವಸಂತ, ಕುಸುಮಾ, ಇಂದಿರಾಬಾಯಿಯೇ. ಹೊಸ ಹೆಸರಿಡುವ ಗೋಜಿಗೆ ಆಂಟಿ ಹೋಗಲಿಲ್ಲ. ಹೊರಗಿನವರ ಮುಂದೆ ಮಾತ್ರ ಅಂಕಲ್ ಇನ್ನೂ ಬಾಯಿ ಬಿಡುತ್ತಿರಲಿಲ್ಲ.

ಕಳೆದ ಚಳಿಗಾಲ ಇಬ್ಬರೂ ಮಗಳು ಸ್ಮಿತಾಳ ಮನೆಗೆಂದು ಹ್ಯೂಸ್ಟನ್‌ಗೆ ಹೋದರು. ಅಲ್ಲಿ ಒಂದು ಬೆಳಿಗ್ಗೆ ಆಂಟಿ ಸ್ನಾನ ಮುಗಿಸಿ ಬಂದು ಮಂಚದ ಮೇಲೆ ಕೂತವರು ಏಳಲಿಲ್ಲ. ಹೃದಯಾಘಾತ. ಸ್ಮಿತಾ ಫೋನ್ ಮಾಡಿದಾಗ ನಾನು ಆಫೀಸಿನಲ್ಲಿದ್ದೆ. ಹೇಗೆ ಕಾರು ಹತ್ತಿ ಹ್ಯೂಸ್ಟನ್‌ವರೆಗೆ ಹೋದೆನೋ ನೆನಪಿಲ್ಲ.

ಫ್ಯೂನರಲ್ ಹೋಮ್‌ನಲ್ಲಿ ಜನ ತುಂಬಿದ್ದರು. ಆಂಟಿಗೆ ಹಸಿರು ಇಳಕಲ್ ಸೀರೆ ಉಡಿಸಿದ್ದರು. ಪುರೋಹಿತರ ಮಂತ್ರ ಮುಗಿದ ಮೇಲೆ, ಯಾರಾದರೂ ಎರಡು ಮಾತು ಆಡುವುದಿದ್ದರೆ ಬನ್ನಿ ಎಂದು ಸ್ಮಿತಾ ಕರೆದಳು. ಒಬ್ಬಿಬ್ಬರು ಮಾತಾಡಿದರು. ನನ್ನನ್ನೂ ಕರೆದರು, ನನ್ನಿಂದಾಗಲಿಲ್ಲ. "ಅಪ್ಪಗ ಮಾತಾಡೋದು ಆಗಂಗಿಲ್ಲ, ಎಲ್ಲಾರೂ..." ಎಂದು ಸ್ಮಿತಾ ಮುಗಿಸಲು ಹೊರಟಿದ್ದಳು. ಅಷ್ಟರಲ್ಲಿ ಅಂಕಲ್ ಕುರ್ಚಿಯ ಕೈ ಹಿಡಿದು ಎದ್ದು ನಿಂತರು.

ಅವರು ಜನರ ಕಡೆ ತಿರುಗಲಿಲ್ಲ, ಆಂಟಿಯ ಮುಖವನ್ನೇ ನೋಡುತ್ತಿದ್ದರು. ಒಂದೊಂದು ಪದಕ್ಕೂ ಹೊತ್ತು ಹಿಡಿಯಿತು. ಯಾರೂ ಸಹಾಯಕ್ಕೆ ಹೋಗಲಿಲ್ಲ.

"ನನಗ... ಮಾತು ಕಲಿಸಿದಿ" ಎಂದರು ಅಂಕಲ್. "ಈಗ ಯಾರ ಜೋಡಿ... ಮಾತಾಡ್ಲಿ?"