ವಿನೀತಾಳ ಹದಿನೈದು ಅಂಕ

ವಿನೀತಾಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅವಳ ಜೊತೆ ಕೆಲಸ ಮಾಡಿದ ಮೇಸ್ತ್ರಿಗಳೆಲ್ಲ ಹೇಳುತ್ತಾರೆ. ಇರಲಿ ಬಿಡಿ. ಮೈಸೂರಿನಲ್ಲಿ ಸರ್ಕಾರಿ ಕಟ್ಟಡ ಕಟ್ಟುವವರ ನಡುವೆ ಹದಿನಾರು ವರ್ಷ ಎಂಜಿನಿಯರ್ ಆಗಿದ್ದೂ ಸಿಟ್ಟು ಬಾರದಿದ್ದರೆ ಆ ಮನುಷ್ಯರಲ್ಲೇ ಏನೋ ಐಬಿದೆ ಎನ್ನಬೇಕು.

ಅವಳ ಅಪ್ಪ ಸಹಾಯರಾಜ್ ಕಂಬಿ ಕಟ್ಟುತ್ತಿದ್ದವರು. ಕೃಷ್ಣಮೂರ್ತಿಪುರಂನ ಎಷ್ಟೋ ಮನೆಗಳ ತಾರಸಿಯೊಳಗೆ ಅವರು ಕಟ್ಟಿದ ಕಂಬಿಯಿದೆ. ಭಾನುವಾರ ಚರ್ಚಿನಿಂದ ಬರುವಾಗ ದಾರಿಯಲ್ಲಿ ಯಾವುದಾದರೂ ಮನೆಯ ತಾರಸಿಗೆ ಮೋಲ್ಡ್ ಹಾಕುವ ತಯಾರಿ ಕಂಡರೆ ಮಗಳನ್ನು ನಿಲ್ಲಿಸಿ ತೋರಿಸುತ್ತಿದ್ದರು. "ನೋಡಮ್ಮ, ಕಂಬಿ ಕೆಳಗೆ ಸಿಮೆಂಟ್ ಬಿಲ್ಲೆ ಇಟ್ಟವ್ರೆ. ಅದು ಇಲ್ದೆ ಹೋದ್ರೆ ಕಂಬಿ ಹಲಗೆ ಮೇಲೇ ಕೂತ್ಕೊಬುಡ್ತದೆ. ಆಮೇಲೆ ತೇವ ಕುಡಿದು ತುಕ್ಕು ಹಿಡಿದು ಗಾರೆನೇ ಒಡೆದು ಬೀಳಿಸ್ತದೆ ಕಣಮ್ಮ." ಡಿಪ್ಲೊಮಾದಲ್ಲೂ ಆಮೇಲೆ ಸಂಜೆ ಕಾಲೇಜಿನ ಬಿ.ಇ.ಯಲ್ಲೂ ಅವಳು ಓದಿದ್ದು ಅದನ್ನೇ, ಉದ್ದುದ್ದ ಮಾತುಗಳಲ್ಲಿ.

ಗುತ್ತಿಗೆದಾರ ಸುದರ್ಶನನ ಬಳಿ ಅವಳು ಕೆಲಸಕ್ಕೆ ಸೇರಿ ಏಳು ವರ್ಷವಾಗಿತ್ತು. ನಗುನಗುತ್ತಲೇ ಮಾತಾಡುವ ಮನುಷ್ಯ. ಸೇರಿದ ದಿನವೇ ಅವಳ ಪದವಿ ಪತ್ರ, ಅಂಕಪಟ್ಟಿಗಳ ಒರಿಜಿನಲ್ ಕೇಳಿ ಇಸಿದುಕೊಂಡು, "ಸೇಫಾಗಿರುತ್ತೆ ಮೇಡಂ" ಎಂದು ತನ್ನ ಬೀರುವಿನಲ್ಲಿಟ್ಟು ಬೀಗ ಹಾಕಿದ. ಎಲ್ಲ ಕಡೆಯೂ ಹೀಗೇ, ಯಾರೂ ಇದನ್ನು ತಪ್ಪು ಎನ್ನುವುದಿಲ್ಲ.

ಆ ಕಾಗದಗಳಿಗೆ ಬೆಲೆ ಬರುವುದು ಟೆಂಡರಿನಲ್ಲಿ. ಎರಡು ಲಕೋಟೆಯ ಟೆಂಡರ್ ಅದು. ಈಗ ಎಲ್ಲ ಆನ್‌ಲೈನ್ ಆದರೂ ಲಕೋಟೆ ಎಂದೇ ಕರೆಯುತ್ತಾರೆ. ಮೊದಲನೆಯದರಲ್ಲಿ ನಿಮ್ಮ ಅನುಭವ, ಯಂತ್ರಗಳು, ಎಂಜಿನಿಯರುಗಳು. ಅದಕ್ಕೆ ನೂರಕ್ಕೆ ಇಷ್ಟು ಎಂದು ಅಂಕ. ಎಪ್ಪತ್ತು ದಾಟಿದರೆ ಎರಡನೆಯ ಲಕೋಟೆ, ಅಂದರೆ ದರ, ತೆರೆಯುತ್ತಾರೆ. ಅಲ್ಲಿಂದಾಚೆಗೆ ಅಂಕವನ್ನು ಕೇಳುವವರೇ ಇಲ್ಲ. ಎಪ್ಪತ್ತೊಂದು ತೆಗೆದವನೂ ತೊಂಬತ್ತೈದು ತೆಗೆದವನೂ ಒಂದೇ. ಯಾರ ದರ ಕಡಿಮೆಯೋ ಕೆಲಸ ಅವರದು. ಈ ನಿಯಮ ಬರೆದ ಪುಣ್ಯಾತ್ಮರು ತಮ್ಮ ಸ್ವಂತ ಮನೆಯನ್ನೂ ಹೀಗೇ ಕಟ್ಟಿಸಿದರೋ ಏನೋ, ಯಾರಾದರೂ ಹೋಗಿ ನೋಡಿ ಬರಬೇಕು.

ಸರಸ್ವತಿಪುರಂನಲ್ಲಿ ಹೆಣ್ಣುಮಕ್ಕಳ ಸರ್ಕಾರಿ ಹಾಸ್ಟೆಲ್ಲಿನ ಮೊದಲ ಬ್ಲಾಕ್ ಸುದರ್ಶನನಿಗೆ ಸಿಕ್ಕಿದ್ದು ಹೀಗೆಯೇ. ಅವನ ಅಂಕ ಎಪ್ಪತ್ಮೂರು. ಅದರಲ್ಲಿ ಹದಿನೈದು ವಿನೀತಾಳದು: 'ಸ್ಥಳದಲ್ಲೇ ಇದ್ದು ಗುಣಮಟ್ಟ ನೋಡಿಕೊಳ್ಳುವ ಅನುಭವಿ ಎಂಜಿನಿಯರ್.' ದರವನ್ನು ಅವನು ಅಂದಾಜಿಗಿಂತ ನೂರಕ್ಕೆ ಇಪ್ಪತ್ಮೂರು ಇಳಿಸಿದ್ದ. ಸಿಮೆಂಟಿನವರು ಅವನಿಗೆಂದು ಕಡಿಮೆಗೆ ಕೊಡುತ್ತಾರೆಯೇ? ಕಬ್ಬಿಣದವರು ಕೊಡುತ್ತಾರೆಯೇ? ಎಲ್ಲಿಂದ ಉಳಿಸುವುದು ಎಂದು ನೋಡಿದಾಗ ಮೊದಲು ಕಂಡವಳು ವಿನೀತಾ.

"ಮೇಡಂ, ನೀವು ಸೈಟಿಗೆ ಹೋದ್ರೆ ಮಾಲು ಸರಿಯಿಲ್ಲ ಅಂತ ಲಾರಿ ವಾಪಸ್ ಕಳಿಸ್ತೀರಾ. ಈ ರೇಟಲ್ಲಿ ಅದೆಲ್ಲ ಆಗಲ್ಲ ಕಣ್ರೀ. ನೀವು ಆಫೀಸಲ್ಲಿ ಬಿಲ್ ನೋಡ್ಕೊಳ್ಳಿ."

ಯಾರ ಹೆಸರು ತೋರಿಸಿ ಕೆಲಸ ಗಿಟ್ಟಿಸಿದನೋ ಅವಳನ್ನೇ ಆ ಕೆಲಸದಿಂದ ದೂರವಿಟ್ಟ. ಅವಳು ಎಗರಾಡಿದಳು, ಒಂದು ವಾರ ಮುಖ ಕೊಟ್ಟು ಮಾತಾಡಲಿಲ್ಲ. ಆದರೆ ತಿಂಗಳ ಕೊನೆಗೆ ಸೈಟಿನ ಗುಣಮಟ್ಟದ ಪುಸ್ತಕ ಮುಂದೆ ಬಂದಾಗ ಸಹಿ ಹಾಕಿದಳು. ಮನೆಯಲ್ಲಿ ಅಮ್ಮನ ಔಷಧಿ, ಬೀರುವಿನಲ್ಲಿ ಒರಿಜಿನಲ್ಲು. ತಾನು ಕಾಣದ ಮೋಲ್ಡಿಗೆ 'ಪರಿಶೀಲಿಸಿದೆ' ಎಂದು ಬರೆದ ಆ ಕೈಯ ಮೇಲೆ ಅವಳಿಗೆ ಇಂದಿಗೂ ಅಸಹ್ಯವಿದೆ.

ನಾಲ್ಕೇ ವರ್ಷಕ್ಕೆ ಅಡುಗೆಮನೆಯ ಸೂರಿನಿಂದ ಗಾರೆಯ ಒಂದು ಹೆಂಟೆ ಬಿತ್ತು. ಹುಡುಗಿಯರಿಗೆ ಅನ್ನ ಬಸಿಯುತ್ತಿದ್ದ ಅಡುಗೆಯವಳು ಮಂಚಮ್ಮನ ಬಲಭುಜ ಮುರಿಯಿತು. ವಿನೀತಾ ಓಡಿಹೋಗಿ ಮೇಲೆ ನೋಡಿದಳು. ಕಂಬಿಗಳೆಲ್ಲ ಕೆಂಪಗೆ ತುಕ್ಕು ಹಿಡಿದು ಹೊರಗೆ ಇಣುಕುತ್ತಿದ್ದವು; ಕೆಳಗೆ ಒಂದೇ ಒಂದು ಬಿಲ್ಲೆ ಇಟ್ಟಿರಲಿಲ್ಲ. ಅಪ್ಪ ಬದುಕಿದ್ದಿದ್ದರೆ ಅವರ ಮುಖ ನೋಡುವುದಕ್ಕೆ ಆಗುತ್ತಿರಲಿಲ್ಲ. ಇಲಾಖೆಯ ನೋಟಿಸು ಬಂದಿದ್ದು ಅವಳ ಹೆಸರಿಗೇ. ಸುದರ್ಶನ ಅವಳ ತಲೆಯ ಮೇಲೆ ಗೂಬೆ ಕೂರಿಸಿ ಬೂದುಬಣ್ಣದ ಗಾರೆ ಮೆತ್ತಿಸಿದ. ಅದನ್ನೇ ದುರಸ್ತಿ ಎಂದು ಒಪ್ಪಿಕೊಂಡು ಅಧಿಕಾರಿಗಳೂ ಕೈತೊಳೆದುಕೊಂಡರು.

ಅದೇ ಹಾಸ್ಟೆಲ್ಲಿನ ಎರಡನೇ ಬ್ಲಾಕಿಗೆ ಈ ವರ್ಷ ಟೆಂಡರ್ ಕರೆದರು. ನೂರಿಪ್ಪತ್ತು ಹುಡುಗಿಯರು ಮಲಗುವ ಕಟ್ಟಡ. ಸ್ಪರ್ಧೆಯಲ್ಲಿದ್ದವರು ಇಬ್ಬರೇ, ಸುದರ್ಶನ ಮತ್ತು ಇನ್ನೊಬ್ಬ. ಈ ಸಲ ಎಂಜಿನಿಯರ್ ಖುದ್ದಾಗಿ ಸಮಿತಿಯ ಮುಂದೆ ಬರಬೇಕು, ಒರಿಜಿನಲ್ ತೋರಿಸಬೇಕು ಎಂದಿತ್ತು. ಸುದರ್ಶನ ಅವಳನ್ನು ತನ್ನ ಕಾರಿನಲ್ಲೇ ಕರೆದುಕೊಂಡು ಹೋಗಿ, ಬೀರುವಿನಿಂದ ಬಂದ ಕಾಗದಗಳನ್ನು ಮೇಜಿನ ಮೇಲೆ ಚೆಂದವಾಗಿ ಜೋಡಿಸಿದ.

ಸಮಿತಿಯ ಅಧ್ಯಕ್ಷರು ಕಾಗದ ತಿರುವಿ ಕೇಳಿದರು. "ಹಾಸ್ಟೆಲ್ ಮೊದಲ್ನೇ ಬ್ಲಾಕಲ್ಲಿ ಸೈಟ್ ಎಂಜಿನಿಯರ್ ನೀವೇ ತಾನೇ?"

"ಹೆಸರು ನಂದು ಸರ್. ಮೋಲ್ಡ್ ಹಾಕೋ ದಿನ ನನ್ನ ಸೈಟಿಗೆ ಬಿಡ್ಲಿಲ್ಲ. ನೋಡ್ದೇನೇ ಸಹಿ ಹಾಕ್ದೆ, ಅದು ನನ್ ತಪ್ಪು, ಬರ್ಕೊಡ್ತೀನಿ. ಈ ಬ್ಲಾಕಿಗೂ ನನ್ನ ಬಿಡಲ್ಲ. ಅದ್ಕೆ ಈ ಟೆಂಡರಲ್ಲಿ ನಾನು ಇಲ್ಲ."

ಸುದರ್ಶನನ ನಗು ಅಲ್ಲಿಗೆ ನಿಂತಿತು. ಅಧ್ಯಕ್ಷರು ಪಕ್ಕದವರ ಕಡೆ ನೋಡಿ ಲೆಕ್ಕ ಹಾಕಿದರು. ಈ ಸಲವೂ ಅವನಿಗೆ ಬಂದಿದ್ದು ಎಪ್ಪತ್ಮೂರೇ; ಹದಿನೈದು ಕಳೆದರೆ ಐವತ್ತೆಂಟು. ದರದ ಲಕೋಟೆ ತೆರೆಯುವ ಹಾಗೇ ಇಲ್ಲ.

"ಮೇಡಂ, ಇವರ ದರ ಕಡಿಮೆ ಇರುತ್ತೆ. ಸರ್ಕಾರಕ್ಕೆ ಉಳಿಯೋ ದುಡ್ಡು ನಿಮ್ಮಿಂದ ಹೋಗುತ್ತೆ. ನಾಳೆ ಆಡಿಟ್‌ನವರಿಗೆ ಏನ್ ಉತ್ತರ ಹೇಳೋಣ?" ಎಂದರು ಅಧ್ಯಕ್ಷರು.

ವಿನೀತಾಳ ಮೈಯೆಲ್ಲ ಉರಿದುಹೋಯಿತು. "ಆಡಿಟ್‌ನವ್ರಿಗೆ ಆಮೇಲೆ ಹೇಳಿ ಸರ್. ಮೊದ್ಲು ಮಂಚಮ್ಮಂಗೆ ಹೇಳಿ."

ಯಾವ ಮಂಚಮ್ಮ ಎಂದು ಆ ಕೋಣೆಯಲ್ಲಿದ್ದ ಒಬ್ಬರಿಗೂ ಗೊತ್ತಿರಲಿಲ್ಲ. ಅವಳು ಮೇಜಿನ ಮೇಲಿದ್ದ ತನ್ನ ಕಾಗದಗಳನ್ನು ಒಂದೂ ಬಿಡದೆ ಎತ್ತಿಕೊಂಡು ಹೊರಬಂದು, ಸಿಟಿ ಬಸ್ಸು ಹತ್ತಿ ಮನೆಗೆ ಹೋದಳು. ಕೆಲಸ ಹೋಗಿತ್ತು.

ಗೆದ್ದಳು ಎಂದುಕೊಂಡಿರೇನು? ಉಳಿದವನು ಒಬ್ಬನೇ ಆದ್ದರಿಂದ ಟೆಂಡರ್ ರದ್ದಾಯಿತು. ಮೂರು ವಾರಕ್ಕೆ ಹೊಸ ಪ್ರಕಟಣೆ ಬಂತು. 'ಸ್ಪರ್ಧೆ ಹೆಚ್ಚಿಸುವ ದೃಷ್ಟಿಯಿಂದ' ತಾಂತ್ರಿಕ ಅಂಕಗಳನ್ನು ಕೈಬಿಡಲಾಗಿದೆ, ಅತಿ ಕಡಿಮೆ ದರ ಹಾಕಿದವರಿಗೆ ಕೆಲಸ. ಸುಳ್ಳು ಹೇಳಿಯಾದರೂ ದಾಟಬೇಕಾಗಿದ್ದ ಒಂದು ಹೊಸ್ತಿಲಿತ್ತಲ್ಲ, ಅದನ್ನೇ ಕಿತ್ತು ಹಾಕಿದರು. ವಿನೀತಾ ಪ್ರಕಟಣೆಯನ್ನು ಎರಡು ಸಲ ಓದಿ, ಬಾಯಿಗೆ ಬಂದದ್ದನ್ನೆಲ್ಲ ಬೈದು, ನಾಲ್ಕು ಪುಟದ ಆಕ್ಷೇಪಣೆ ಬರೆದಳು. ತುಕ್ಕು ಹಿಡಿದ ಕಂಬಿಯ ಫೋಟೋಗಳನ್ನೂ ತನ್ನ ಸುಳ್ಳು ಸಹಿಯ ಪ್ರತಿಯನ್ನೂ ಲಗತ್ತಿಸಿದಳು. ಅದಕ್ಕೆ ಮಂಚಮ್ಮನೂ ಹೆಬ್ಬೆಟ್ಟು ಒತ್ತಿ, ನಾನೂ ಬತ್ತೀನಿ ಅಂತ ಹೊರಟಳು.

ಇಲಾಖೆಯ ಕಿಟಕಿಯಲ್ಲಿದ್ದ ಗುಮಾಸ್ತ ಪುಟ ತಿರುವದೆಯೇ ವಾಪಸ್ ತಳ್ಳಿದ. "ಟೆಂಡರ್ ಹಾಕ್ದವ್ರು ಮಾತ್ರ ಆಕ್ಷೇಪಣೆ ಕೊಡ್ಬೋದು. ನೀವು ಯಾರು?"

ವಿನೀತಾ ಬಾಯಿ ತೆರೆಯುವಷ್ಟರಲ್ಲಿ ಮಂಚಮ್ಮ ಮುಂದೆ ಬಂದಳು. ಬಲಗೈ ಎತ್ತಲು ಬಾರದೆ ಎಡಗೈಯಿಂದಲೇ ಕಾಗದವನ್ನು ಒಳಗೆ ನೂಕಿದಳು.

"ಅದು ಬಿದ್ದದ್ದು ನನ್ ಮ್ಯಾಲೆ ಕಣಪ್ಪ. ಮುದ್ರೆ ಒತ್ತು."

ಗುಮಾಸ್ತ ಅವಳ ಭುಜ ನೋಡಿದ, ಹಿಂದೆ ನಿಂತಿದ್ದ ಸಾಲನ್ನು ನೋಡಿದ, 'ಸ್ವೀಕರಿಸಲಾಗಿದೆ' ಎಂದು ಮುದ್ರೆ ಒತ್ತಿ ಕೊಟ್ಟ. ದಿನಾಂಕ ಹಾಕಿರಲಿಲ್ಲ; ಅದಿಲ್ಲದ ಮುದ್ರೆಗೆ ಬೆಲೆಯಿಲ್ಲ. ವಿನೀತಾ ಕಾಗದವನ್ನು ಮತ್ತೆ ಕಿಟಕಿಯೊಳಗೆ ತಳ್ಳಿ, ಜಾಗ ಬಿಡದೆ ನಿಂತಳು.