ಕಚ್ಚಿದವಳ ಪರವಾಗಿ

ಹಲ್ಲಿನ ಡಾಕ್ಟರ ಬಲಗೈ ಹೆಬ್ಬೆರಳಿನ ಬುಡದಲ್ಲಿ ಕಚ್ಚಿದ ಗುರುತಿತ್ತು. ಮೇಲೆ ನಾಲ್ಕು ಹಲ್ಲು, ಕೆಳಗೆ ಮೂರು. ‘ಹುಚ್ಚು ಹುಡುಗಿಯೊಬ್ಬಳು ಕಚ್ಚಿದಳು, ಆದರೂ ಆ ಪುಣ್ಯಾತ್ಮರು ಸಿಟ್ಟಾಗಲಿಲ್ಲ’ ಎಂದು ಊರು ಹೇಳುತ್ತದೆ. ಇದರಲ್ಲಿ ಎರಡು ಸುಳ್ಳುಗಳಿವೆ. ಹುಡುಗಿ ಹುಚ್ಚಿಯಲ್ಲ, ನನ್ನ ಅಕ್ಕ. ಡಾಕ್ಟರು ಸಿಟ್ಟಾದರು; ನಾನು ಕಣ್ಣಾರೆ ಕಂಡೆ.

ಅಕ್ಕನಿಗೆ ಹುಟ್ಟಿನಿಂದಲೇ ಕೈಕಾಲು ಸೆಟೆದುಕೊಳ್ಳುತ್ತಿದ್ದವು, ಮಾತು ಬರುತ್ತಿರಲಿಲ್ಲ. ಬುದ್ಧಿ ಮಾತ್ರ ನನಗಿಂತ ಚುರುಕು. ದವಡೆ ಊದಿಕೊಂಡು ಅನ್ನ ಬಿಟ್ಟಾಗ ಹರಿಹರದಿಂದ ರೈಲಿನಲ್ಲಿ ದಾವಣಗೆರೆಗೆ ಕರೆದೊಯ್ದೆವು. ಡಾಕ್ಟರು ಅವಳನ್ನು ಕುರ್ಚಿಗೆ ಹತ್ತಿಸಲಿಲ್ಲ. ಚಾಪೆ ಹಾಸಿ, ತಾವೂ ನೆಲಕ್ಕೆ ಕೂತು, ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡರು.

“ಅವ್ವಾ, ಸಾಕನಿಸಿದ್ರೆ ಎಡಗೈ ಎತ್ತು. ನೀ ಕೈ ಎತ್ತಿದ ಮ್ಯಾಲೆ ನಾ ಮುಟ್ಟಂಗಿಲ್ಲ.”

ಆ ದಿನ ಅವಳು ಹನ್ನೊಂದು ಸಲ ಎತ್ತಿದಳು. ಹನ್ನೊಂದು ಸಲವೂ ನಿಲ್ಲಿಸಿದರು. ಹಲ್ಲು ಕೀಳದೆ ಕಳಿಸಿದ್ದಕ್ಕೆ ಅಪ್ಪ ಗೊಣಗಿದ: “ಬರೀ ಬಾಯಾಗ ಕನ್ನಡಿ ಹಿಡಿದು ನೋಡಾಕ ಡಾಕ್ಟ್ರು ಯಾಕ ಬೇಕು?” ನಮ್ಮ ಮನೆಯಲ್ಲಿ ಅದುವರೆಗೆ ಯಾರೂ ಅಕ್ಕನನ್ನು ‘ಸಾಕಾ?’ ಎಂದು ಕೇಳಿರಲಿಲ್ಲ; ನಾನೂ ಕೇಳಿರಲಿಲ್ಲ. ಕೇಳಲು ಕಲಿಸಿದವರು ಡಾಕ್ಟರು.

ಅವರ ಬಳಿ ಕೆಲಸ ಕಲಿಯುತ್ತಿದ್ದ ಮೂವರಿಗೂ ಇದೇ ಪಾಠ: “ಮೊದ್ಲು ಕೈ ನೋಡ್ರಪ್ಪಾ, ಆಮ್ಯಾಲೆ ಬಾಯಿ.” ಹಿರಿಯ ಶಿಷ್ಯನಿಗೆ ಈ ನಿಧಾನ ಹಿಡಿಸಲಿಲ್ಲ. ಮೂರನೆಯ ಭೇಟಿಯಲ್ಲಿ, ಡಾಕ್ಟರ ಹೆಬ್ಬೆರಳು ಬಾಯೊಳಗಿದ್ದಾಗ ಅಕ್ಕ ಕೈ ಎತ್ತಹೋದಳು. ಅವನು ಬಂದು ಎರಡೂ ಕೈಗಳನ್ನು ಚಾಪೆಗೆ ಒತ್ತಿ ಹಿಡಿದ. “ಇನ್ನೊಂದ್ ನಿಮಿಷ ಸರ್, ಮುಗಿಸಿಬಿಡ್ರಿ.”

ಅವಳಿಗೆ ಉಳಿದದ್ದು ಹಲ್ಲು. ಕಚ್ಚಿದಳು.

ಡಾಕ್ಟರು ಬೆರಳು ಎಳೆದುಕೊಳ್ಳಲಿಲ್ಲ. “ಆಕಿ ಕೈ ಬಿಡಲೇ!” ಎಂದು ಗುಡುಗಿದರು. ಅವನು ಬಿಟ್ಟ, ಅಕ್ಕ ಬಾಯಿ ತೆರೆದಳು.

ಆಮೇಲೆ ಅವನನ್ನು ಕುರ್ಚಿಯಲ್ಲಿ ಮಲಗಿಸಿ, ಬಾಯಿ ಮುಚ್ಚದಂತೆ ರಬ್ಬರಿನ ಬೆಣೆಯಿಟ್ಟು, ಕೈಗಳನ್ನು ಕಟ್ಟಿದರು. “ಈಗ ಸಾಕು ಅನ್ನು, ಕೇಳ್ತೀನಿ.” ಐದು ನಿಮಿಷಕ್ಕೆ ಅವನು ಒದ್ದ, ಬೇಸಿನ್ನು ಉರುಳಿತು. ಬಿಚ್ಚಿದರು. ಇನ್ನೊಂದು ಗಂಟೆ ಹಾಗೇ ಕಟ್ಟಿಡಬೇಕಿತ್ತು ಎಂದೆ.

“ನಾ ಪಾಠ ಮಾಡ್ದೆ. ನೀ ಸೇಡು ತೀರಿಸ್ಕಂತಿದೀಯಾ.”

ಹೌದು, ನನಗದು ಸೇಡೇ. ಇಂದಿಗೂ ನಾಚಿಕೆಯಿಲ್ಲ.

ಮುಂದಿನ ವಾರ ಡಾಕ್ಟರು ಅಕ್ಕನ ಹಲ್ಲು ಕಿತ್ತರು. ಅವಳು ಒಮ್ಮೆಯೂ ಕೈ ಎತ್ತಲಿಲ್ಲ.

ಹೋದ ತಿಂಗಳು ಡಾಕ್ಟರು ತೀರಿಕೊಂಡರು. ಆ ಹಿರಿಯ ಶಿಷ್ಯ ಈಗ ಹರಿಹರದಲ್ಲಿ ಸ್ವಂತ ದವಾಖಾನೆ ಇಟ್ಟಿದ್ದಾನೆ. ಅಕ್ಕನ ಇನ್ನೊಂದು ಹಲ್ಲು ಕೆಟ್ಟಿದೆ. ಕರೆದೊಯ್ದರೆ ಬಾಗಿಲಲ್ಲೇ ತಡೆದ. “ಕಚ್ಚೋರ್ನ ನಾ ನೋಡಂಗಿಲ್ಲ, ಕರ್ಕಂಡ್ ಹೋಗ್ರಿ.” ಮೊನ್ನೆಯ ಸಂತಾಪ ಸಭೆಯಲ್ಲಿ ಅದೇ ಮನುಷ್ಯ ಹುಚ್ಚು ಹುಡುಗಿಯ ಕಥೆ ಹೇಳಿ ಕಣ್ಣೊರೆಸಿಕೊಂಡ. ಅಕ್ಕ ನನ್ನ ಪಕ್ಕದಲ್ಲೇ ಕೂತಿದ್ದಳು, ಬಾತ ದವಡೆಗೆ ಸೆರಗು ಒತ್ತಿಕೊಂಡು. ನಾನು ಎದ್ದು ನಿಂತೆ.

“ಸರ್, ಐದೇ ನಿಮಿಷ ಕೈ ಕಟ್ಟಿದ್ದಕ್ಕೆ ನೀವು ಬೇಸಿನ್ ಒದ್ದು ಉರುಳಿಸಿದ್ರಿ. ಅವತ್ತು ನಿಮ್ಮನ್ನ ಯಾರಾದ್ರೂ ಹುಚ್ಚ ಅಂತ ಕರೆದ್ರೇನ್ರಿ?”