ಪಕ್ಕದ ಮನೆಯ ಜಗಲಿಯಲ್ಲಿ ಅರಮನೆ

ಆ ದಿನ ಬೆಳಿಗ್ಗೆಯೂ ಎಂದಿನಂತೆ ಮೊದಲು ಬಚ್ಚಲ ಹಂಡೆಗೆ ಉರಿ ಹಾಕಿ, ಆಮೇಲೆ ಡಿಕಾಕ್ಷನ್ನಿಗೆ ನೀರಿಟ್ಟೆ. ಹಾಲಿನವನು ಹಸುವನ್ನು ಗೇಟಿನವರೆಗೂ ಹೊಡೆದುಕೊಂಡು ಬಂದು ಅಲ್ಲೇ ಕರೆದು ಕೊಡುತ್ತಿದ್ದ ಕಾಲ. ಜಯನಗರದಲ್ಲಿ ಆಗ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚು. ನಮ್ಮ ಬೀದಿಯಲ್ಲಿ ನಮ್ಮದೊಂದು ಮನೆ, ಪಕ್ಕದವರದೊಂದು, ಅದರಾಚೆಗೆ ಬರೀ ಲಂಟಾನದ ಪೊದೆ. ಯಜಮಾನರು ಊಟ ಮುಗಿಸಿ, ಪ್ಯಾಂಟಿನ ತುದಿಗೆ ಕ್ಲಿಪ್ಪು ಸಿಕ್ಕಿಸಿಕೊಂಡು, ಸೈಕಲ್ ಹತ್ತಿ ಆಫೀಸಿಗೆ ಹೊರಟರು. ಅವರು ತಿರುವು ದಾಟುವ ಹೊತ್ತಿಗೆ ಇಟ್ಟಮಡುವಿನ ಹೆಂಗಸು ಅವರೆಕಾಯಿಯ ಬುಟ್ಟಿ ಹೊತ್ತು ಬಂದಳು. ಅತ್ತೆ ಒಂದು ಕಾಯಿ ಎತ್ತಿ ಮೂಸಿ, “ಸೊಗಡಿದೆ” ಎಂದರು.

ಹಿತಕಿದ ಬೇಳೆಯ ಸಾರು ನನಗೂ ಇಷ್ಟವೇ. ಆದರೂ ಅವರೆಕಾಯಿಯ ಕಾಲ ಬಂತೆಂದರೆ ನನಗೆ ಒಳಗೊಳಗೇ ಸಂಕಟ. ಅತ್ತೆ ಕಾಯಿ ಬಿಡಿಸುತ್ತಿದ್ದದ್ದು ನಮ್ಮ ಮನೆಯಲ್ಲಲ್ಲ. ಮಧ್ಯಾಹ್ನ ಊಟವಾಗುತ್ತಲೇ ಮೊರವನ್ನು ಸೊಂಟಕ್ಕಿಟ್ಟುಕೊಂಡು ಪಕ್ಕದ ಮನೆಯ ಜಗಲಿಗೆ ಹೋಗಿಬಿಡುತ್ತಿದ್ದರು. ಅಲ್ಲಿ ಆ ಮನೆಯಾಕೆಗೆ ಅರಮನೆಯ ಕಥೆ ಹೇಳುತ್ತಿದ್ದರು.

ಮೈಸೂರಿನಲ್ಲಿ ಈಗ ಎಲ್ಲರೂ ನೋಡುವ ಕಲ್ಲಿನ ಅರಮನೆಯಲ್ಲ. ಅದಕ್ಕೂ ಮೊದಲು ಅದೇ ಜಾಗದಲ್ಲಿದ್ದು, ರಾಜಮನೆತನದ ಮದುವೆಯೊಂದರ ಹೊತ್ತಿಗೆ ಬೆಂಕಿಬಿದ್ದು ಹೋದ ಮರದ ಅರಮನೆ. ಅತ್ತೆಯ ತಾಯಿ ಆ ಅರಮನೆಯ ಒಳಮನೆಗೆ ಹೂ ಕಟ್ಟಿಕೊಡುತ್ತಿದ್ದರು. ಅತ್ತೆ ಆಗ ಪುಟ್ಟ ಹುಡುಗಿ. ತಾಯಿಯ ಸೆರಗು ಹಿಡಿದು ಹೂವಿನ ಬುಟ್ಟಿಯ ಹಿಂದೆ ಹೋಗುತ್ತಿದ್ದವರು. ಇಷ್ಟನ್ನೂ ನಾನು ತಿಳಿದದ್ದು ಕಾಂಪೌಂಡಿನ ಹತ್ತಿರ ಬಟ್ಟೆ ಒಣಹಾಕುತ್ತಾ. ಕದ್ದು ಕೇಳುವುದು ಪಾಪವೆಂದು ಕಾನ್ವೆಂಟಿನ ಸಿಸ್ಟರುಗಳು ಹೇಳಿಕೊಟ್ಟಿದ್ದರು. ಒದ್ದೆ ಸೀರೆಯನ್ನು ನಿಧಾನವಾಗಿ ಕೊಡಹುವುದು ಪಾಪವೆಂದು ಹೇಳಿಕೊಟ್ಟಿರಲಿಲ್ಲ.

ನನ್ನ ತವರು ಬೆಂಗಳೂರಿನ ದಂಡಿನ ಕಡೆ, ಕಂಟೋನ್ಮೆಂಟಿನಲ್ಲಿ. ಇಂಗ್ಲೆಂಡಿನ ಯಾವ ರಾಜನಾದ ಮೇಲೆ ಯಾವ ರಾಜ, ಯಾರ ತಲೆ ಹೋಯಿತು, ಯಾರು ಯಾವ ಅರಮನೆ ಕಟ್ಟಿಸಿದರು ಎನ್ನುವುದನ್ನೆಲ್ಲ ನಿದ್ದೆಯಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತಿದ್ದೆ. ಮೈಸೂರಿನ ಅರಮನೆಯನ್ನು ಕಂಡದ್ದು ಮಾತ್ರ ಕ್ಯಾಲೆಂಡರಿನಲ್ಲಿ. ಪಕ್ಕದ ಮನೆಯಾಕೆಯೋ ಮೈಸೂರಿನವಳೇ. ಅಪ್ಪನ ಹೆಗಲ ಮೇಲೆ ಕೂತು ಜಂಬೂಸವಾರಿ ನೋಡಿದವಳು. ನಗುವಾಗ ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿರಲಿಲ್ಲ. ನನ್ನ ಅತ್ತೆಯನ್ನು ಅವಳು “ದೊಡ್ಡಮ್ಮ” ಎಂದು ಕರೆದರೆ, ನನ್ನ ಹಿತ್ತಲಿನ ಬಾಳೆಗೊನೆಯನ್ನು ಯಾರೋ ಕಡಿದುಕೊಂಡು ಹೋದಂತೆ ಆಗುತ್ತಿತ್ತು. ಅತ್ತೆ ಅವಳಿಗೆ “ಬಾ ತಾಯಿ” ಎನ್ನುತ್ತಿದ್ದರು. ನನಗೆ, “ನೋಡಮ್ಮ, ಹಾಲು ಉಕ್ಕುತ್ತೆ.”

ನಾನೂ ಕೇಳಿ ನೋಡಿದ್ದೆ. ಒಂದು ದಿನ ಅಡುಗೆಮನೆಯಲ್ಲಿ, “ಅತ್ತೆ, ಆ ಹಳೇ ಅರಮನೆ ಹೇಗಿತ್ತು?” ಎಂದೆ.

“ಹೇಗಿರುತ್ತೆ. ಅರಮನೆ ಇದ್ದ ಹಾಗೆ ಇತ್ತು. ಸಾರಿಗೆ ಉಪ್ಪು ಹಾಕಿದ್ಯಾ?”

ಇನ್ನೊಮ್ಮೆ ದೇವರ ಮುಂದೆ ಹೂ ಕಟ್ಟುತ್ತಿದ್ದಾಗ ಕೇಳಿದೆ. “ನಿಮ್ಮ ಕಾನ್ವೆಂಟಿನ ಪುಸ್ತಕದಲ್ಲಿ ಇರುತ್ತಲ್ಲ ಎಲ್ಲ” ಎಂದು ಎದ್ದು ಹೋದರು. ಪಕ್ಕದಾಕೆ ಗೋಡೆಯ ಮೇಲಿಂದ ಎಷ್ಟೋ ಸಲ, “ನೀವೂ ಬನ್ರೀ ನಮ್ಮನೇಗೆ, ಒಬ್ಬರೇ ಏನ್ಮಾಡ್ತೀರಿ” ಎಂದು ಕರೆದಿದ್ದಳು. ನನ್ನ ಅತ್ತೆಯ ಮಾತು ಕೇಳಲು ನಾನು ಅವಳ ಮನೆಗೆ ಹೋಗಬೇಕೇ? “ಕೆಲಸ ಇದೆ” ಎನ್ನುತ್ತಿದ್ದೆ. ಕೆಲಸ ಇರುತ್ತಿರಲಿಲ್ಲ.

ಅವರೆಕಾಯಿ ಕೊಂಡ ಆ ದಿನದ ಹಿಂದಿನ ಮಧ್ಯಾಹ್ನ ಮಾತ್ರ ಬಟ್ಟೆಯ ಹಗ್ಗದ ಬಳಿ ನಾನು ಸೀರೆ ಕೊಡಹುವುದನ್ನೂ ಮರೆತು ನಿಂತಿದ್ದೆ. ಅತ್ತೆ ಹೇಳುತ್ತಿದ್ದರು: ಕೆತ್ತನೆಯ ಕಂಬಗಳು ಒಂದೊಂದಾಗಿ ಹೊತ್ತಿಕೊಂಡವು, ಊರೆಲ್ಲ ಗಂಧದ ವಾಸನೆ, ಮದುವೆಗೆಂದು ಕಟ್ಟಿದ್ದ ಮಲ್ಲಿಗೆಯ ಮಾಲೆಗಳು ಬುಟ್ಟಿಯಲ್ಲೇ ಬಾಡಿ ಕಂದಿಹೋದವು. “ಆಗ ನಮ್ಮವ್ವ ನನ್ನ ಕೈ ಬಿಟ್ಟು ಒಳಕ್ಕೆ ಓಡಿದ್ಲು” ಎಂದರು. ಯಾಕೆ ಓಡಿದಳೆಂದು ಹೇಳುವಷ್ಟರಲ್ಲಿ ಪಕ್ಕದಾಕೆಯ ಮಗು ಎದ್ದು ಅತ್ತಿತು. ಅತ್ತೆ ಮೊರ ಎತ್ತಿಕೊಂಡು ಬಂದುಬಿಟ್ಟರು.

ರಾತ್ರಿಯೆಲ್ಲ ಅದೇ ಯೋಚನೆ. ಉಳಿದ ಕಥೆ ಮಾರನೆಯ ದಿನ ಅವಳಿಗೆ ಸಿಗುತ್ತದೆ, ನನಗೆ ಸಿಗುವುದಿಲ್ಲ. ಮುಂದೆ ನನ್ನ ಮಕ್ಕಳು ತಮ್ಮ ಅಜ್ಜಿಯ ಕಥೆಯನ್ನು ಪಕ್ಕದ ಮನೆಗೆ ಹೋಗಿ ಕೇಳಬೇಕೋ ಏನೋ. ಅದಕ್ಕೇ ಬೆಳಿಗ್ಗೆ ಅವರೆಕಾಯಿ ಕೊಂಡವಳೇ ಗೋಡೆಯ ಬಳಿ ಹೋಗಿ ಕರೆದೆ.

“ಇವತ್ತು ನೀವೇ ನಮ್ಮನೇಗೆ ಬನ್ನಿ. ನಿಮ್ಮ ಕಾಯೂ ತನ್ನಿ. ಕೋಡುಬಳೆ ಮಾಡ್ತೀನಿ.”

“ಅಯ್ಯೋ, ಏನ್ರೀ ಇವತ್ತು ವಿಶೇಷ? ಯಾರಾದ್ರೂ ಹೆಣ್ಣು ನೋಡೋಕೆ ಬರ್ತಾರಾ?”

“ನಮ್ಮ ಕಡೆ ನೆರಳು ಚೆನ್ನಾಗಿದೆ.”

ಅತ್ತೆಗೆ ಹೇಳಿದಾಗ ಅವರು “ಅಲ್ಲೇ ಚೆನ್ನಾಗಿತ್ತಲ್ಲ” ಎಂದರು. ನಾನು ಕೇಳಿಸದವಳಂತೆ ಒಳಗೆ ಹೋಗಿ ಅಕ್ಕಿಹಿಟ್ಟು ಹುರಿದೆ.

ಮಧ್ಯಾಹ್ನ ನಮ್ಮ ಜಗಲಿಯಲ್ಲಿ ಚಾಪೆ ಹಾಸಿ, ಕೋಡುಬಳೆಯ ತಟ್ಟೆ ಇಟ್ಟು, ನಾನು ಬಾಗಿಲ ಒಳಬದಿಗೆ ಯಜಮಾನರ ಶರ್ಟೊಂದನ್ನು ಹಿಡಿದು ಕುಳಿತೆ. ಹೊಲಿಗೆ ನನಗೆ ಕಾನ್ವೆಂಟು ಕೊಟ್ಟ ವಿದ್ಯೆ. ಕಿವಿ ಮಾತ್ರ ಹೊರಗಿತ್ತು.

“ದೊಡ್ಡಮ್ಮ, ಈ ಕೋಡುಬಳೆ ತಿಂದ್ರೆ ನಮ್ಮೆಜಮಾನ್ರು ನನ್ನ ತವರಿಗೆ ಕಳಿಸಿಬಿಡ್ತಾರೆ, ಕಲಿತ್ಕೊಂಡು ಬಾ ಅಂತ.”

“ಹೋಗಿ ಬಾ. ಆ ಕೂಸಿಗೆ ಶೀತ ಹೋಯ್ತಾ?”

ಶೀತ, ಕಷಾಯ, ಇಟ್ಟಮಡುವಿನ ಹೆಂಗಸಿನ ಸೊಸೆಯ ಬಾಣಂತನ, ಸಿದ್ದಾಪುರದ ಕಡೆ ಹೊಸದಾಗಿ ತೆಗೆದ ಸೀಮೆಎಣ್ಣೆ ಅಂಗಡಿ. ಕೊನೆಗೆ ಪಕ್ಕದಾಕೆಯೇ ಎತ್ತಿದಳು.

“ನಿನ್ನೆ ಅರ್ಧಕ್ಕೇ ಬಿಟ್ರಲ್ಲ ದೊಡ್ಡಮ್ಮ. ನಿಮ್ಮವ್ವ ಒಳಕ್ಕೆ ಓಡಿದ್ರು, ಆಮೇಲೆ?”

ನನ್ನ ಸೂಜಿ ನಿಂತಿತು. ಅತ್ತೆ ತಲೆಯೆತ್ತಿ ಬಾಗಿಲ ಕಡೆ ನೋಡಿದರು. ಆಮೇಲೆ ತಗ್ಗಿದ ದನಿಯಲ್ಲಿ, “ಈ ಕಾಯಲ್ಲಿ ಹುಳ ಇದೆ ನೋಡು” ಎಂದರು. ಅಷ್ಟೇ. ಸಿಪ್ಪೆ ಬೀಳುವ ಸದ್ದು ಮಾತ್ರ ಕೇಳುತ್ತಿತ್ತು.

ಅತ್ತೆ ನೋಡಿದ್ದು ನನ್ನನ್ನೇ ಎಂದುಕೊಂಡೆ. ನಾನಿರುವ ಕಡೆ ಅವರ ಬಾಯಿಗೆ ಬೀಗ. ಮದುವೆಯಾಗಿ ಇಷ್ಟು ವರ್ಷ ಇವರ ಕಾಲೊತ್ತಿದ್ದು, ಏಕಾದಶಿಗೆ ಇವರೊಡನೆ ಹಸಿದದ್ದು, ಕನ್ನಡ ಓದುವುದನ್ನು ಇವರಿಗಾಗಿ ಸರಿಯಾಗಿ ಕಲಿತದ್ದು ಯಾವುದೂ ಲೆಕ್ಕಕ್ಕಿಲ್ಲ. ಗೋಡೆಯಾಚೆಯವಳಿಗೆ ಸುಟ್ಟ ಅರಮನೆ, ನನಗೆ ಹುಳುಕು ಕಾಯಿ. ಸೂಜಿ ಬೆರಳಿಗೆ ಚುಚ್ಚಿತು. ಆ ನೋವು ಒಂಥರಾ ಸಮಾಧಾನ ಕೊಟ್ಟಿತು. ಮತ್ತೊಂದು ಸುತ್ತು ಕಾಫಿ ಕೊಡುವಾಗ ಅವಳ ಲೋಟಕ್ಕೆ ಸಕ್ಕರೆ ಕಡಿಮೆ ಹಾಕಿದೆ. ಅವಳು ಚೆನ್ನಾಗಿದೆ ಎಂದು ಕುಡಿದಳು.

ಸಂಜೆ ದೀಪ ಹಚ್ಚಿದ ಮೇಲೆ ಯಜಮಾನರ ದಾರಿ ನೋಡುತ್ತಾ ಗೇಟಿನ ಬಳಿ ನಿಂತಿದ್ದೆ. ಅತ್ತೆ ಒಳಗೆ ಜಪಕ್ಕೆ ಕುಳಿತಿದ್ದರು. ಪಕ್ಕದಾಕೆ ಮಗುವನ್ನು ಸೊಂಟಕ್ಕೆ ಏರಿಸಿಕೊಂಡು, ಒಣಗಿದ ಲಂಗೋಟಿಗಳನ್ನು ಹಗ್ಗದಿಂದ ಎಳೆಯುತ್ತಿದ್ದಳು. ನನಗೆ ಮುಖ ತಿರುಗಿಸಿಕೊಂಡು ಹೋಗಬೇಕೆನ್ನಿಸಿತು. ಅಷ್ಟರಲ್ಲಿ ಅವಳೇ, ಲಂಗೋಟಿ ಮಡಿಸುತ್ತಾ, ನನ್ನ ಕಡೆ ನೋಡದೆಯೇ ಅಂದಳು:

“ನಾನೂ ಎಂಥಾ ಪೆದ್ದಿ ನೋಡಿ, ನಿಮ್ಮ ಜಗಲೀಲಿ ಕೂತು ದೊಡ್ಡಮ್ಮನ್ನ ಅರಮನೆ ವಿಷಯ ಕೇಳ್ಬಿಟ್ಟೆ. ನೀನಿರೋ ಮನೆ ಸೂರಿನ ಕೆಳಗೆ ಯಾವತ್ತೂ ಅರಮನೆ ಮಾತು ಆಡಬಾರದು ಅಂತ ಅವರವ್ವ ಇವರ ಕೈಲಿ ಆಣೆ ಹಾಕಿಸ್ಕೊಂಡಿದ್ರಂತಲ್ಲ. ಬೆಂಕಿ ಬಿದ್ದ ಮೇಲೆ ಅರಮನೆ ಒಳಗೆ ಓಡಾಡ್ತಿದ್ದೋರಿಗೆಲ್ಲ ಭಯವಂತೆ, ಮನೇಲಿ ಆಡಿದ ಮಾತು ಎಲ್ಲಿಗೆ ಹೋಗಿ ತಪ್ಪು ಯಾರ ತಲೆಗೆ ಬರುತ್ತೋ ಅಂತ. ಅದಕ್ಕೇ ತಾನೇ ಅವರು ನಮ್ಮನೇಗೆ ಬರೋದು. ದಿನಾ ಕಥೆ ಶುರು ಮಾಡೋ ಮುಂಚೆ ನಿಮ್ಮ ಗೇಟಿನ ಕಡೆ ನೋಡಿ, ‘ಇವತ್ತೂ ಬರಲಿಲ್ಲ ನಮ್ಮ ಹುಡುಗಿ’ ಅಂತಾರಪ್ಪ. ನಿಮಗೆ ಗೊತ್ತಿರುತ್ತೆ ಬಿಡಿ. ಬರ್ತೀನ್ರೀ, ಇದಕ್ಕೆ ಹಸಿವು.”